ಸಾಕು ನೀರಾಮೆಯ ಚಿಪ್ಪಿನ ಬಣ್ಣಗೇಡು: ಕಾರಣ ಗುರುತಿಸುವ ಕ್ರಮ

ಪೈರಿನ ಎಲೆ ಹಳದಿಯಾದ ಕೂಡಲೇ ಅನುಭವಿ ರೈತನು ಔಷಧಿ ಸಿಂಪಡಿಸಲು ಹೊರಡುವುದಿಲ್ಲ. ಹಳದಿ ಬಂದಿರುವುದು ಕೆಳಗಿನ ಎಲೆಯಲ್ಲೋ ಚಿಗುರಿನಲ್ಲೋ, ನರಗಳ ನಡುವೆಯೋ ಅಂಚಿನಲ್ಲೋ, ಬುಡದಲ್ಲಿ ನೀರು ನಿಂತಿದೆಯೋ ಎಂಬುದನ್ನು ಮೊದಲು ನೋಡುತ್ತಾನೆ. ಬಣ್ಣ ಒಂದೇ ಆದರೂ ಕಾರಣ ಹಲವು ಎಂಬುದು ಅವನಿಗೆ ಗೊತ್ತು. ಮನೆಯಲ್ಲಿ ಸಾಕುವ ನೀರಾಮೆಯ ಚಿಪ್ಪಿನ ಬಣ್ಣ ಕೆಟ್ಟಾಗಲೂ ಇದೇ ಕ್ರಮವನ್ನು ಅನುಸರಿಸಬೇಕು.

ಪೇಟೆಗೆ ಹೋದ ಮಕ್ಕಳು ಬಣ್ಣದ ಮೀನಿನ ಅಂಗಡಿಯಿಂದ ನಾಣ್ಯದಷ್ಟು ಅಗಲದ ಹಸಿರು ಆಮೆಮರಿಯನ್ನು ತರುವುದು ಈಗ ಹಳ್ಳಿಗಳಲ್ಲಿಯೂ ಉಂಟು. ಮನೆಗೆ ಶುಭವೆಂದು ತರುವವರೂ ಇದ್ದಾರೆ. ಕೆಲವು ತಿಂಗಳು ಕಳೆದ ಮೇಲೆ ಚಿಪ್ಪಿನ ಮೇಲೆ ಬಿಳಿ ಕಲೆ, ಹಸಿರು ಪದರ ಅಥವಾ ಕಪ್ಪು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಆಗ ಕೆಲವರು ಚಾಕುವಿನಿಂದ ಕೆರೆಯುತ್ತಾರೆ, ಕೆಲವರು ಎಣ್ಣೆ ಸವರುತ್ತಾರೆ, ಇನ್ನು ಕೆಲವರು 'ರೋಗ ಬಂದಿದೆ' ಎಂದು ಕೆರೆಗೋ ಕೃಷಿ ಹೊಂಡಕ್ಕೋ ಬಿಟ್ಟುಬಿಡುತ್ತಾರೆ. ಮೂರೂ ತಪ್ಪು. ಮೊದಲ ಎರಡರಿಂದ ಆಮೆಗೆ ಹಾನಿ, ಮೂರನೆಯದರಿಂದ ಊರ ಕೆರೆಗೇ ಹಾನಿ. ಬಣ್ಣಗೇಡಿನ ಕಾರಣವನ್ನು ಮನೆಯಲ್ಲಿಯೇ ಸುಲಭವಾಗಿ ಪರೀಕ್ಷಿಸುವ ವಿಧಾನವನ್ನೂ, ಯಾವಾಗ ಪಶುವೈದ್ಯರ ಬಳಿ ಹೋಗಬೇಕೆಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಯಾವ ಆಮೆ?

ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕೆಂಪುಕಿವಿ ಆಮೆ. ಇದರ ಶಾಸ್ತ್ರೀಯ ಹೆಸರು ಟ್ರಾಕೆಮಿಸ್ ಸ್ಕ್ರಿಪ್ಟಾ ಎಲಿಗನ್ಸ್. ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟೆ ಇರುವುದರಿಂದ ಈ ಹೆಸರು ಬಂದಿದೆ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದೀ ಬಯಲು. ಮರಿಯಾಗಿದ್ದಾಗ ಸುಮಾರು 3 ಸೆಂ.ಮೀ. ಇರುವ ಈ ಪ್ರಾಣಿ ಬೆಳೆದಾಗ, ವಿಶೇಷವಾಗಿ ಹೆಣ್ಣು, 25 ಸೆಂ.ಮೀ. ಅಥವಾ ಅದಕ್ಕೂ ಉದ್ದವಾಗಬಲ್ಲದು. ಒಳ್ಳೆಯ ಪೋಷಣೆಯಲ್ಲಿ 20ರಿಂದ 30 ವರ್ಷ ಬದುಕುತ್ತದೆ. ಆದುದರಿಂದ ಮರಿಯನ್ನು ತರುವ ಮುಂಚೆ ಎಮ್ಮೆ ಕರು ತರುವಾಗ ಮಾಡುವಷ್ಟೇ ಯೋಚನೆ ಮಾಡುವುದು ಒಳ್ಳೆಯದು.

ನಮ್ಮ ಕೆರೆ, ಬಾವಿ, ಗದ್ದೆಗಳಲ್ಲಿ ಸಿಗುವ ದೇಶೀ ಆಮೆಗಳಿಗೂ ಬಯಲುಸೀಮೆಯ ನಕ್ಷತ್ರ ಆಮೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಇವುಗಳನ್ನು ಹಿಡಿದು ಸಾಕುವಂತಿಲ್ಲ. ಗಾಯಗೊಂಡ ದೇಶೀ ಆಮೆ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಈ ಲೇಖನದಲ್ಲಿ ಹೇಳಿರುವುದು ಕೆಂಪುಕಿವಿ ಆಮೆಯಂತಹ ಗಟ್ಟಿ ಚಿಪ್ಪಿನ ಸಾಕು ಆಮೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಚಿಪ್ಪಿನ ರಚನೆ

ಚಿಪ್ಪು ಆಮೆಯು ಹೊದ್ದುಕೊಂಡ ಕವಚವಲ್ಲ, ಅದರ ದೇಹದ ಜೀವಂತ ಭಾಗ. ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಮೇಲ್ಚಿಪ್ಪಿನೊಡನೆ ಬೆಸೆದುಕೊಂಡಿರುತ್ತವೆ. ಬೆನ್ನ ಮೇಲಿನದು ಮೇಲ್ಚಿಪ್ಪು, ಹೊಟ್ಟೆಯ ಕೆಳಗಿನದು ಅಡಿಚಿಪ್ಪು. ಎರಡರಲ್ಲಿಯೂ ಒಳಗಡೆ ಮೂಳೆ, ಅದರ ಮೇಲೆ ರಕ್ತ ಹರಿಯುವ ತೆಳುವಾದ ಜೀವಪದರ, ಎಲ್ಲಕ್ಕೂ ಮೇಲೆ ಕೊಂಬಿನಂತಹ ಬಿಲ್ಲೆಗಳು ಇರುತ್ತವೆ. ನಮ್ಮ ಉಗುರು, ದನದ ಕೊಂಬು ಯಾವ ವಸ್ತುವಿನಿಂದ ಆಗಿವೆಯೋ ಆ ಕೆರಾಟಿನ್ ಎಂಬ ವಸ್ತುವಿನಿಂದಲೇ ಈ ಬಿಲ್ಲೆಗಳೂ ಆಗಿವೆ. ಕೆಂಪುಕಿವಿ ಆಮೆಯ ಮೇಲ್ಚಿಪ್ಪಿನಲ್ಲಿ ಸಾಮಾನ್ಯವಾಗಿ 38, ಅಡಿಚಿಪ್ಪಿನಲ್ಲಿ 12 ಬಿಲ್ಲೆಗಳಿರುತ್ತವೆ.

ಈ ಮೂರು ಪದರಗಳನ್ನು ನೆನಪಿನಲ್ಲಿಟ್ಟರೆ ರೋಗ ಗುರುತಿಸುವುದು ಅರ್ಧ ಸುಲಭವಾದಂತೆ. ಬಣ್ಣವು ಬಿಲ್ಲೆಯ ಮೇಲೆ ಕೂತಿದ್ದರೆ ಅದು ಕೊಳೆ ಅಥವಾ ಪಾಚಿ, ಅಪಾಯ ಕಡಿಮೆ. ಬಿಲ್ಲೆಯಲ್ಲಿಯೇ ಇದ್ದರೆ ಸಹಜ ಬಣ್ಣವಿರಬಹುದು, ಪೊರೆ ಬಿಡುವುದಿರಬಹುದು ಅಥವಾ ಮೇಲ್ಪದರದ ಸೋಂಕಿರಬಹುದು. ಬಿಲ್ಲೆಯ ಅಡಿಯಲ್ಲಿದ್ದರೆ ರಕ್ತದ ಅಥವಾ ಮೂಳೆಯ ತೊಂದರೆ, ಅಪಾಯ ಹೆಚ್ಚು. ಬಣ್ಣ ಯಾವುದು ಎಂಬುದಕ್ಕಿಂತ ಅದು ಯಾವ ಪದರದಲ್ಲಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಸಹಜ ಬಣ್ಣವನ್ನು ಮೊದಲು ಅರಿಯಿರಿ

ಮರಿಯ ಮೇಲ್ಚಿಪ್ಪು ಎಲೆಹಸಿರು. ಬೆಳೆದಂತೆ ಅದು ಮಾಸಿದ ಹಸಿರಾಗಿ, ಬಳಿಕ ಕಂದಾಗುತ್ತದೆ. ವಯಸ್ಸಾದ ಗಂಡು ಆಮೆಗಳಲ್ಲಿ ಚಿಪ್ಪು, ಚರ್ಮ ಎರಡೂ ನಿಧಾನವಾಗಿ ಕಪ್ಪಾಗಿ ಕೆಂಪು ಪಟ್ಟೆಯೂ ಮಾಸುವುದುಂಟು. ಮುಂಗಾಲಿನ ಉಗುರುಗಳು ಉದ್ದವಾಗಿದ್ದರೆ ಅದು ಗಂಡು. ಇದು ತಲೆಗೂದಲು ನರೆತಂತೆ, ರೋಗವಲ್ಲ.

ಅಡಿಚಿಪ್ಪು ಹಳದಿ. ಅದರ ಒಂದೊಂದು ಬಿಲ್ಲೆಯಲ್ಲಿಯೂ ಕಪ್ಪು ಮಚ್ಚೆ ಇರುತ್ತದೆ. ಹೊಸದಾಗಿ ಸಾಕುವವರು ಮೊದಲ ಸಲ ಆಮೆಯನ್ನು ಮಗುಚಿ ನೋಡಿದಾಗ ಇದನ್ನೇ ಕೊಳೆರೋಗವೆಂದು ಭಾವಿಸುತ್ತಾರೆ. ಬೆಳೆಯುತ್ತಿರುವ ಆಮೆಯಲ್ಲಿ ಬಿಲ್ಲೆಗಳು ಸೇರುವ ಗೆರೆಗಳ ಬಳಿ ಹೊಸ ಕೆರಾಟಿನ್ ಹುಟ್ಟುವುದರಿಂದ ಅಲ್ಲಿ ತಿಳಿ ಬಣ್ಣದ ಕಿರಿದಾದ ಪಟ್ಟೆ ಕಾಣುವುದೂ ಸಹಜವೇ.

ಪರೀಕ್ಷಿಸುವ ಕ್ರಮ

ಆಮೆಯನ್ನು ಎರಡೂ ಕೈಗಳಿಂದ ಪಕ್ಕಗಳಲ್ಲಿ ಹಿಡಿದು, ನೆಲಕ್ಕೆ ಹತ್ತಿರವಾಗಿ, ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕು. ಬಹಳ ಹೊತ್ತು ಮಗುಚಿ ಇಡಬಾರದು. ಕೆಳಗಿನ ಆರು ಪರೀಕ್ಷೆಗಳನ್ನು ಇದೇ ಅನುಕ್ರಮದಲ್ಲಿ ಮಾಡಿ.

1. ಒರೆಸಿ ನೋಡಿ: ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಬರೀ ನೀರಿನಿಂದ ಮೆಲ್ಲಗೆ ಉಜ್ಜಿ. ಬಣ್ಣ ಬಿಟ್ಟು ಕೆಳಗೆ ನುಣುಪಾದ ಗಟ್ಟಿ ಬಿಲ್ಲೆ ಕಂಡರೆ ಅದು ಪಾಚಿ ಅಥವಾ ಕೊಳೆ.

2. ಒಣಗಿಸಿ ನೋಡಿ: ಬಟ್ಟೆಯಿಂದ ಒರೆಸಿ 20 ನಿಮಿಷ ನೆರಳಿನಲ್ಲಿ ಬಿಡಿ. ಒದ್ದೆಯಲ್ಲಿ ಮಾಯವಾಗಿ ಒಣಗಿದಾಗ ಮಾತ್ರ ಎದ್ದು ಕಾಣುವ ಬಿಳುಪು ಸಾಮಾನ್ಯವಾಗಿ ನೀರಿನ ಸುಣ್ಣ. ನೀರಿನಲ್ಲಿರುವಾಗ ಹತ್ತಿಯ ಎಳೆಯಂತೆ ತೇಲಿ, ಹೊರಗೆ ತೆಗೆದಾಗ ಲೋಳೆಯಂತೆ ಅಂಟುವ ಬಿಳುಪಾದರೆ ಬೂಷ್ಟೆಂದು ಸಂಶಯಪಡಬೇಕು.

3. ಎಡಬಲ ಹೋಲಿಸಿ: ಸಹಜ ಬಣ್ಣ ಎಡಕ್ಕಿದ್ದಂತೆಯೇ ಬಲಕ್ಕೂ ಇರುತ್ತದೆ. ಒಂದೇ ಮಗ್ಗುಲಲ್ಲಿ, ಒಂದೆರಡು ಬಿಲ್ಲೆಗಳಲ್ಲಿ, ಅಂಕುಡೊಂಕಾದ ಅಂಚಿನ ಕಲೆ ಇದ್ದರೆ ಅದು ರೋಗ ಅಥವಾ ಗಾಯದ ಗುರುತು.

4. ಒತ್ತಿ ನೋಡಿ: ಕಲೆಯ ಮೇಲೂ ಪಕ್ಕದ ಆರೋಗ್ಯವಂತ ಬಿಲ್ಲೆಯ ಮೇಲೂ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ ಹೋಲಿಸಿ. ಒಂದೇ ಕಡೆ ಮೆತ್ತಗಿದ್ದರೆ ಅಲ್ಲಿ ಕೊಳೆತಿದೆ. ಇಡೀ ಚಿಪ್ಪು ರಬ್ಬರಿನಂತೆ ಬಾಗಿದರೆ ಸುಣ್ಣದಂಶದ ಕೊರತೆ. ತೀರ ಚಿಕ್ಕ ಮರಿಯ ಚಿಪ್ಪು ತುಸು ಬಾಗುವುದು ಸಹಜವೆಂಬುದನ್ನು ಮರೆಯಬಾರದು.

5. ಮೂಸಿ ನೋಡಿ: ತೊಳೆದ ಚಿಪ್ಪಿಗೆ ಕೆಟ್ಟ ವಾಸನೆ ಇರುವುದಿಲ್ಲ. ಕೊಳೆತ ಮಾಂಸದ ವಾಸನೆ ಬಂದರೆ ಬಿಲ್ಲೆಯ ಅಡಿಯಲ್ಲಿ ಸೋಂಕಿದೆ.

6. ನಡತೆ ನೋಡಿ: ಮೇವು ತಿನ್ನುತ್ತದೆಯೇ, ಚುರುಕಾಗಿದೆಯೇ, ಸಮವಾಗಿ ಈಜುತ್ತದೆಯೇ? ಕಣ್ಣು ಊದಿದೆಯೇ, ಬಾಯಿ ತೆರೆದು ಉಸಿರಾಡುತ್ತದೆಯೇ? ಚಿಪ್ಪಿನ ಕಲೆಯೊಡನೆ ಇವೂ ಇದ್ದರೆ ತಡಮಾಡಬಾರದು.

ಪರೀಕ್ಷೆಯ ಫಲವನ್ನು ಬರೆದಿಡುವುದು ಅಗತ್ಯ. ಒಂದು ಹಾಳೆಯಲ್ಲಿ ಚಿಪ್ಪಿನ ಬಿಲ್ಲೆಗಳ ಚಿತ್ರ ಬರೆದು, ಕಲೆ ಇರುವ ಸ್ಥಳ ಮತ್ತು ಅಳತೆಯನ್ನು ತಾರೀಖಿನೊಡನೆ ಗುರುತಿಸಿ. ಫೋಟೋ ತೆಗೆದಿಟ್ಟರೂ ಸರಿಯೇ. 7 ದಿನಗಳ ನಂತರ ಹೋಲಿಸಿ. ಇದ್ದಂತೆಯೇ ಇರುವ ಕಲೆಗೆ ಆತುರವಿಲ್ಲ; ಹರಡುತ್ತಿರುವ ಕಲೆ ರೋಗವೆಂದೇ ತಿಳಿಯಬೇಕು.

ಬಣ್ಣಗಳು ಮತ್ತು ಅವುಗಳ ಕಾರಣಗಳು

ಹಸಿರು: ಬಹುಮಟ್ಟಿಗೆ ಪಾಚಿ. ಆಮೆಗಳ ಚಿಪ್ಪಿನ ಮೇಲೆಯೇ ಬೆಳೆಯುವ ಬೆಸಿಕ್ಲಾಡಿಯಾ ಎಂಬ ಎಳೆಪಾಚಿಯೂ ಉಂಟು. ತೆಳುವಾದ ಪಾಚಿ ಹಾನಿ ಮಾಡದು. ದಪ್ಪನಾಗಿ ಬೆಳೆದರೆ ಅದರ ಅಡಿಯಲ್ಲಿರುವ ಗಾಯ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಆಗಾಗ ಬ್ರಷ್ಷಿನಿಂದ ತೆಗೆಯಬೇಕು. ತೊಟ್ಟಿಗೆ ಹೆಚ್ಚು ಬೆಳಕು, ನೀರಿನಲ್ಲಿ ಹೆಚ್ಚು ಮಲ ಮತ್ತು ಉಳಿದ ಮೇವು ಸೇರಿದಾಗ ಪಾಚಿ ಹೆಚ್ಚುತ್ತದೆ.

ಬಿಳಿ: ಇದೇ ಎಲ್ಲಕ್ಕಿಂತ ಹೆಚ್ಚು ಗೊಂದಲ ಉಂಟುಮಾಡುವ ಬಣ್ಣ. ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು ಗಡಸು ನೀರಿನ ಸುಣ್ಣ. ಕೋಲಾರ, ತುಮಕೂರು ಮುಂತಾದ ಕಡೆಗಳ ಆಳದ ಕೊಳವೆ ಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿಯೂ ಹನಿ ನೀರಾವರಿಯ ತೂತುಗಳಲ್ಲಿಯೂ ಕಟ್ಟುವ ಬಿಳಿ ಹಕ್ಕಳೆಯೇ ಆಮೆಯ ಚಿಪ್ಪಿನ ಮೇಲೂ ಕೂರುತ್ತದೆ. ಉಗುರಿನಿಂದ ಸ್ವಲ್ಪ ಪುಡಿ ಕೆರೆದು ತಟ್ಟೆಗೆ ಹಾಕಿ ಅದರ ಮೇಲೆ ನಿಂಬೆರಸ ಬಿಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣ. ಈ ಪರೀಕ್ಷೆಯನ್ನು ತಟ್ಟೆಯಲ್ಲಿಯೇ ಮಾಡಬೇಕು, ಆಮೆಯ ಮೇಲಲ್ಲ. ಇದರಿಂದ ಆಮೆಗೆ ತೊಂದರೆಯಿಲ್ಲ.

ಎರಡನೆಯದು ಪೊರೆ ಬಿಡುವುದು. ಬೆಳೆಯುವ ನೀರಾಮೆಯು ಹಳೆಯ ಬಿಲ್ಲೆಯ ಮೇಲ್ಪದರವನ್ನು ಕಾಲಕಾಲಕ್ಕೆ ಕಳಚುತ್ತದೆ. ಕಳಚುವ ಮುನ್ನ ಪದರದ ಅಡಿಯಲ್ಲಿ ಗಾಳಿ ಸೇರಿ ಬಿಲ್ಲೆ ಬೆಳ್ಳಿಯಂತೆ ಬಿಳಿಚಿಕೊಳ್ಳುತ್ತದೆ. ಕಳಚಿದ ಪೊರೆ ತೆಳುವಾಗಿ, ಪಾರದರ್ಶಕವಾಗಿ, ಬಿಲ್ಲೆಯ ಆಕಾರದಲ್ಲಿಯೇ ಇರುತ್ತದೆ. ಅಡಿಯ ಹೊಸ ಬಿಲ್ಲೆ ಗಟ್ಟಿಯಾಗಿ ಹೊಳೆಯುತ್ತದೆ. ಪೊರೆಯನ್ನು ಕೈಯಿಂದ ಕೀಳಬಾರದು. ಬಿಸಿಲಿಗೆ ಮೈಯೊಡ್ಡಲು ಒಣ ಜಾಗವಿಲ್ಲದ ತೊಟ್ಟಿಯಲ್ಲಿ ಪೊರೆ ಕಳಚದೆ ಪದರದ ಮೇಲೆ ಪದರ ಉಳಿದುಕೊಳ್ಳಬಹುದು. ನಡುವೆ ನೀರು ನಿಂತು ಸೋಂಕಿಗೆ ದಾರಿಯಾಗುತ್ತದೆ.

ಮೂರನೆಯದು ಬೂಷ್ಟು. ಹತ್ತಿಯಂತಹ ಅಥವಾ ಹಿಟ್ಟು ಮೆತ್ತಿದಂತಹ ಬಿಳಿ ತೇಪೆ. ಅನೇಕ ವೇಳೆ ಚರ್ಮದ ಮೇಲೂ ಇರುತ್ತದೆ. ತಣ್ಣನೆಯ ಕೊಳಕು ನೀರು ಇದಕ್ಕೆ ಅನುಕೂಲ.

ನಾಲ್ಕನೆಯದು ಕೊಳೆಯುವಿಕೆಯ ಆರಂಭ. ಉಜ್ಜಿದರೂ ಹೋಗದ, ಸ್ವಲ್ಪ ಗುಳಿಬಿದ್ದ, ಉಗುರಿಗೆ ಸೀಮೆಸುಣ್ಣದಂತೆ ಉದುರುವ ಬಿಳಿ ಚುಕ್ಕೆಗಳು. ಇವುಗಳ ಅಡಿಯಲ್ಲಿ ಹೊಳೆಯುವ ಹೊಸ ಬಿಲ್ಲೆ ಇರುವುದಿಲ್ಲ.

ಕಂದು: ಕಬ್ಬಿಣದಂಶವಿರುವ ನೀರಿನಲ್ಲಿ ಚಿಪ್ಪಿಗೆ ತುಕ್ಕಿನ ಬಣ್ಣ ಹತ್ತುತ್ತದೆ. ತೊಟ್ಟಿಯ ಗೋಡೆಗೂ ಅದೇ ಬಣ್ಣ ಹತ್ತಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಬಹುದು. ತೊಟ್ಟಿಗೆ ಬಿದ್ದ ಒಣ ಎಲೆ, ತೊಗಟೆಗಳ ಒಗರು ಸಹ ಚಹದ ಬಣ್ಣ ಕೊಡುತ್ತದೆ. ಇವು ನಿರಪಾಯಕರ.

ಕಪ್ಪು: ಎಡಬಲಗಳಲ್ಲಿ ಒಂದೇ ರೀತಿ ಇದ್ದರೆ ಸಹಜ. ವಾಸಿಯಾದ ಗಾಯದ ಮೇಲೆ ಗಟ್ಟಿಯಾದ ಕಪ್ಪು ಕಲೆ ಉಳಿಯುವುದುಂಟು. ಬಿಸಿ ದೀಪಕ್ಕೆ ತೀರ ಹತ್ತಿರ ಕುಳಿತ ಆಮೆಯ ಬೆನ್ನಿನ ಎತ್ತರದ ಬಿಲ್ಲೆಗಳು ಸುಟ್ಟು ಬಣ್ಣಗೆಡಬಹುದು. ಗುಳಿಬಿದ್ದು, ಮೆತ್ತಗಾಗಿ, ವಾಸನೆ ಬರುವ ಕಪ್ಪಾದರೆ ಅದು ಕೊಳೆತ.

ಹಳದಿ ಮತ್ತು ಬೂದು: ಮೇಲೆದ್ದ ಬಿಲ್ಲೆಯ ಅಡಿಯಲ್ಲಿ ಗಿಣ್ಣಿನಂತಹ ಹಳದಿ ವಸ್ತು ಕಂಡರೆ ಅದು ಕೀವು. ಆಮೆಯ ಕೀವು ದನಕರುಗಳ ಕೀವಿನಂತೆ ಹರಿಯದೆ ಗಟ್ಟಿಯಾಗಿರುತ್ತದೆ. ಇಡೀ ಚಿಪ್ಪು ಕಳೆಗುಂದಿ, ಮೆತ್ತಗಾಗಿ, ಅಂಚು ಮೇಲಕ್ಕೆ ಮಡಚಿದ್ದರೆ ಮೂಳೆಯ ದೌರ್ಬಲ್ಯ.

ಕೆಂಪು: ಇದೇ ಎಲ್ಲಕ್ಕಿಂತ ಅಪಾಯಕರ. ಬೆಳೆಯುವ ಆಮೆಯಲ್ಲಿ ಬಿಲ್ಲೆಗಳ ಸಂದಿಯಲ್ಲಿ ನಸುಗೆಂಪು ಗೆರೆ ಕಾಣುವುದುಂಟು. ಆದರೆ ಅಡಿಚಿಪ್ಪಿನ ಬಿಲ್ಲೆಗಳ ಒಳಗೆ ಹರಡಿದಂತೆ ಕೆಂಪು ಕಂಡರೆ, ಕಾಲುಗಳ ಚರ್ಮವೂ ಕೆಂಪಾಗಿದ್ದರೆ, ಆಮೆ ಮಂಕಾಗಿದ್ದರೆ, ರಕ್ತಕ್ಕೆ ನಂಜೇರಿದೆ ಎಂದು ತಿಳಿಯಬೇಕು. ಮನೆಮದ್ದಿಗೆ ಇಲ್ಲಿ ಅವಕಾಶವಿಲ್ಲ.

ಚಿಪ್ಪು ಕೊಳೆಗೆ ಮೂಲ ಯಾವುದು?

ಸಿಟ್ರೋಬ್ಯಾಕ್ಟರ್ ಫ್ರಾಯಿಂಡಿ ಮುಂತಾದ ಬ್ಯಾಕ್ಟೀರಿಯಾಗಳೂ ಕೆಲವು ಶಿಲೀಂಧ್ರಗಳೂ ಚಿಪ್ಪನ್ನು ಕೊಳೆಸುತ್ತವೆ. ಆದರೆ ಇವು ಕೊಳಕು ನೀರಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಗಟ್ಟಿಯಾದ ಆರೋಗ್ಯವಂತ ಚಿಪ್ಪನ್ನು ಇವು ಸುಲಭವಾಗಿ ಭೇದಿಸಲಾರವು. ಒರಟು ಸಿಮೆಂಟಿನಲ್ಲಿ ಉಜ್ಜಿದ ಗೀರು, ಇನ್ನೊಂದು ಆಮೆ ಕಚ್ಚಿದ ಗಾಯ, ಕಳಚದ ಪೊರೆ, ಸುಣ್ಣದಂಶದ ಕೊರತೆಯಿಂದ ಬಲಗುಂದಿದ ಚಿಪ್ಪು ಇವುಗಳಿಗೆ ಬಾಗಿಲು ತೆರೆಯುತ್ತವೆ. ನೀರು ನಿಂತ ಶುಂಠಿ ಪಾತಿಯಲ್ಲಿ ಗೆಡ್ಡೆ ಕೊಳೆಯುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿ ಬಸಿಗಾಲುವೆ ತೆಗೆಯದೆ ಔಷಧಿ ಸುರಿದರೆ ಎಷ್ಟು ಫಲವೋ, ಇಲ್ಲಿ ನೀರನ್ನು ಸರಿಪಡಿಸದೆ ಮುಲಾಮು ಹಚ್ಚಿದರೂ ಅಷ್ಟೇ ಫಲ.

ಹತೋಟಿ ಕ್ರಮಗಳು

ನೀರು: ಚಿಪ್ಪಿನ ಪ್ರತಿ 1 ಅಂಗುಲ ಉದ್ದಕ್ಕೆ ಸುಮಾರು 40 ಲೀಟರ್ ನೀರಿನ ಲೆಕ್ಕ ಇಟ್ಟುಕೊಳ್ಳಿ. 4 ಅಂಗುಲದ ಆಮೆಗೆ 160 ಲೀಟರ್ ಬೇಕು. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಡಬ್ಬಿ ಸಾಲದು. ಶೋಧಕ ಯಂತ್ರವಿದ್ದರೆ ವಾರಕ್ಕೊಮ್ಮೆ ಕಾಲು ಭಾಗದಿಂದ ಅರ್ಧ ಭಾಗ ನೀರು ಬದಲಿಸಬೇಕು. ಯಂತ್ರವಿಲ್ಲದ ಸಣ್ಣ ಟಬ್ಬಿನ ನೀರನ್ನು ದಿನಕ್ಕೊಮ್ಮೆ, ತಪ್ಪಿದರೆ ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಬೇರೊಂದು ಬೋಗುಣಿಯಲ್ಲಿ ಮೇವು ಹಾಕುವ ರೂಢಿ ಮಾಡಿದರೆ ತೊಟ್ಟಿ ಬೇಗ ಕೊಳೆಯಾಗುವುದಿಲ್ಲ. ಹೊಸ ಸಿಮೆಂಟ್ ತೊಟ್ಟಿಯನ್ನು ಮೀನಿನ ತೊಟ್ಟಿಯಂತೆಯೇ ಹಲವು ಸಲ ನೀರು ತುಂಬಿ ಚೆಲ್ಲಿ, ಸುಣ್ಣದ ಖಾರ ಹೋದ ಮೇಲೆ ಉಪಯೋಗಿಸಬೇಕು.

ಬಿಸಿ ಮತ್ತು ಬಿಸಿಲು: ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈಯೊಡ್ಡುವ ಒಣ ಜಾಗ 30ರಿಂದ 35 ಡಿಗ್ರಿ ಇರಬೇಕು. ಆಮೆ ಪೂರ್ತಿಯಾಗಿ ನೀರಿನಿಂದ ಹೊರಬಂದು ಚಿಪ್ಪಿನ ಮೇಲ್ಭಾಗ ಅಡಿಭಾಗ ಎರಡನ್ನೂ ಒಣಗಿಸಿಕೊಳ್ಳುವಂತೆ ಇಟ್ಟಿಗೆ ಅಥವಾ ನುಣುಪಾದ ಕಲ್ಲಿನ ಇಳಿಜಾರು ಕಟ್ಟಬೇಕು. ಬೆಂಗಳೂರು, ಹಾಸನ, ಚಿಕ್ಕಮಗಳೂರುಗಳ ಡಿಸೆಂಬರ್–ಜನವರಿಯ ಚಳಿಯಲ್ಲಿ ನೀರು ತಣ್ಣಗಾಗಿ ಆಮೆ ಮೇವು ಬಿಡುತ್ತದೆ, ಗಾಯಗಳು ಮಾಯುವುದು ನಿಧಾನವಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಆಮೆಯ ಮೈಯಲ್ಲಿ ಡಿ ಜೀವಸತ್ವ ತಯಾರಾಗಿ, ಆಹಾರದ ಸುಣ್ಣದಂಶ ಮೈಗೆ ಹತ್ತುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಪ್ರಯೋಜನವಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ, ಅರ್ಧ ಭಾಗ ನೆರಳಿರುವ ಟಬ್ಬಿನಲ್ಲಿ ಬಿಡಿ. ಕಾಗೆ, ಹದ್ದು, ನಾಯಿಗಳಿಂದ ಕಾವಲಿರಲಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ನೀರು ಕಾದು ಆಮೆ ಸಾಯುತ್ತದೆ.

ಆಹಾರ: ಬರೀ ಒಣ ಸೀಗಡಿ, ಬರೀ ಮಾಂಸ, ಅನ್ನ, ಬ್ರೆಡ್ಡು ಇವುಗಳಿಂದ ಚಿಪ್ಪು ಬಲಗೊಳ್ಳದು. ಆಮೆಗಳಿಗೆಂದೇ ತಯಾರಾದ ಗುಳಿಗೆ ಮೇವಿನ ಜೊತೆಗೆ ಮುಳ್ಳು ಸಹಿತ ಸಣ್ಣ ಮೀನು, ಎರೆಹುಳು, ಸೊಪ್ಪು ಕೊಡಬೇಕು. ದೊಡ್ಡದಾದಂತೆ ಸೊಪ್ಪಿನ ಪಾಲು ಹೆಚ್ಚಬೇಕು. ಆಹಾರದಲ್ಲಿ ರಂಜಕದ ಎರಡರಷ್ಟು ಸುಣ್ಣದಂಶ ಇರುವುದು ಒಳ್ಳೆಯದು. ಪಾಲಕ್ ಸೊಪ್ಪನ್ನು ದಿನವೂ ಕೊಡಬಾರದು. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಪ್ರಥಮ ಚಿಕಿತ್ಸೆ: ಒಂದೆರಡು ಬಿಲ್ಲೆಗಳ ಮೇಲ್ಪದರದಲ್ಲಿ ಮಾತ್ರ ಸಣ್ಣ ಚುಕ್ಕೆಗಳಿದ್ದು, ಮೆತ್ತಗಾಗಿರದೆ, ವಾಸನೆ ಇಲ್ಲದೆ, ಆಮೆ ಚುರುಕಾಗಿದ್ದರೆ ಮನೆಯಲ್ಲಿ ಪ್ರಯತ್ನಿಸಬಹುದು. ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲಿಲ್ಲದ ತೆಳು ಚಹದ ಬಣ್ಣ ಬರುವವರೆಗೆ ನೀರಿನಲ್ಲಿ ಬೆರೆಸಿ, ಹತ್ತಿಯಿಂದ ಕಲೆಯ ಮೇಲೆ ದಿನಕ್ಕೆ ಎರಡು ಸಲ ಹಚ್ಚಿ. ಕಣ್ಣು ಬಾಯಿಗೆ ತಾಗಬಾರದು. ಹಚ್ಚಿದ ಬಳಿಕ ಒಂದು ಗಂಟೆ ಒಣ ಬುಟ್ಟಿಯಲ್ಲಿ ಬೆಚ್ಚಗೆ ಇಟ್ಟು, ನಂತರ ಶುದ್ಧ ನೀರಿಗೆ ಬಿಡಿ. ಒಂದು ವಾರದಲ್ಲಿ ಕಲೆ ಹರಡುವುದು ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಚಿಪ್ಪು ಮಾಯುವುದು ಬಹಳ ನಿಧಾನ. ಗಾಯ ಆಳವಾಗಿದ್ದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಮಾಡಬಾರದ ಕೆಲಸಗಳು

* ಚಾಕು, ಬ್ಲೇಡು, ಉಕ್ಕಿನ ನಾರಿನಿಂದ ಚಿಪ್ಪನ್ನು ಕೆರೆಯಬಾರದು. ಅಡಿಯಲ್ಲಿ ಜೀವಪದರವಿದೆ, ಆಮೆಗೆ ನೋವಾಗುತ್ತದೆ.
* ಸುಣ್ಣದ ಹಕ್ಕಳೆ ತೆಗೆಯಲೆಂದು ಹನಿ ನೀರಾವರಿ ಕೊಳವೆಗೆ ಬಳಸುವ ಆಮ್ಲವನ್ನು ಮುಟ್ಟಿಸಲೇಬಾರದು.
* ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಸೀಮೆಎಣ್ಣೆ ಸವರಬಾರದು. ಚಿಪ್ಪು ಹೊಳೆದಂತೆ ಕಂಡರೂ ಕೊಳೆ ಅಂಟಿ ಅಡಿಯಲ್ಲಿ ಸೋಂಕು ಉಳಿಯುತ್ತದೆ.
* ಪಾಚಿಗೆಂದು ತೊಟ್ಟಿಗೆ ಮೈಲುತುತ್ತ ಹಾಕಬಾರದು. ತೊಟ್ಟಿ ತೊಳೆಯಲು ಫಿನಾಯಿಲ್ ಬಳಸಬಾರದು.
* ಪರೀಕ್ಷೆಗೆ ಮೊದಲೇ ಪೊಟ್ಯಾಷಿಯಂ ಪರ್ಮಾಂಗನೇಟ್ ಅಥವಾ ಬಣ್ಣದ ಔಷಧಿ ಹಚ್ಚಬಾರದು. ಚಿಪ್ಪಿಗೆ ಅದರ ಬಣ್ಣವೇ ಹತ್ತಿ ರೋಗದ ಗುರುತು ಮುಚ್ಚಿಹೋಗುತ್ತದೆ.
* ದನ ಕುರಿಗಳಿಗೆ ತಂದಿಟ್ಟ ಐವರ್ಮೆಕ್ಟಿನ್ ಔಷಧಿಯನ್ನು ಎಷ್ಟೇ ಕಡಿಮೆ ಪ್ರಮಾಣದಲ್ಲಿಯೂ ಕೊಡಬಾರದು. ಆಮೆಗಳಿಗೆ ಅದು ಮಾರಕ.

ಕೂಡಲೇ ಪಶುವೈದ್ಯರಿಗೆ ತೋರಿಸಬೇಕಾದ ಚಿಹ್ನೆಗಳು

ಅಡಿಚಿಪ್ಪಿನಲ್ಲಿ ಹರಡಿದ ಕೆಂಪು, ಕೊಳೆತ ವಾಸನೆ, ಮೆತ್ತಗಾದ ಗುಳಿ, ಬಿಲ್ಲೆ ಕಳಚಿ ಮೂಳೆ ಕಾಣುವುದು, ರಕ್ತ ಅಥವಾ ಕೀವು, ಮೇವು ಬಿಟ್ಟು ಮಂಕಾಗಿರುವುದು. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು, ಹೊರಡಬೇಕು. ಆಮೆಯನ್ನು ಒದ್ದೆ ಬಟ್ಟೆ ಹಾಸಿದ, ಗಾಳಿಯಾಡುವ ಡಬ್ಬಿಯಲ್ಲಿ ಒಯ್ಯಿರಿ. ನೀರು ತುಂಬಿದ ಬಕೆಟ್ಟಿನಲ್ಲಲ್ಲ. ಚಿತ್ರ ಬರೆದ ಹಾಳೆಯನ್ನೂ ಜೊತೆಗೆ ಕೊಂಡೊಯ್ಯಿರಿ. ಸ್ಥಳೀಯ ಪಶು ಆಸ್ಪತ್ರೆಯಲ್ಲಿ ಆಮೆ ಚಿಕಿತ್ಸೆಯ ಅನುಭವ ಇಲ್ಲದಿದ್ದರೆ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಅಭ್ಯಾಸಕ್ಕಾಗಿ ಮೂರು ಉದಾಹರಣೆಗಳು

ಒಂದು: ಕೊಳವೆ ಬಾವಿಯ ನೀರಿನಲ್ಲಿರುವ ಆಮೆ. ಒಣಗಿದಾಗ ಇಡೀ ಮೇಲ್ಚಿಪ್ಪು ಬೂದಿ ಬಳಿದಂತೆ ಬಿಳಿ, ಒದ್ದೆಯಾದಾಗ ಸರಿ. ಒತ್ತಿದರೆ ಗಟ್ಟಿ, ವಾಸನೆಯಿಲ್ಲ, ಮೇವು ತಿನ್ನುತ್ತದೆ. ಇದು ನೀರಿನ ಸುಣ್ಣ. ಮಳೆನೀರು ಹಿಡಿದಿಟ್ಟು ಬೆರೆಸಿದರೆ ಕ್ರಮೇಣ ಕಡಿಮೆಯಾಗುತ್ತದೆ. ಔಷಧಿ ಬೇಡ.

ಎರಡು: ಅಡಿಚಿಪ್ಪಿನ ಹನ್ನೆರಡು ಬಿಲ್ಲೆಗಳಲ್ಲಿಯೂ ಕಪ್ಪು ಮಚ್ಚೆ. ಎಡಬಲಗಳಲ್ಲಿ ಒಂದೇ ರೀತಿ, ನುಣುಪು, ಗಟ್ಟಿ. ಇದು ಹುಟ್ಟಿನಿಂದ ಬಂದ ಬಣ್ಣ. ಏನೂ ಮಾಡಬೇಕಾಗಿಲ್ಲ.

ಮೂರು: ಒಣ ಜಾಗವಿಲ್ಲದ ಟಬ್ಬಿನಲ್ಲಿರುವ ಆಮೆ. ಅಡಿಚಿಪ್ಪಿನ ಎಡಗಡೆ ಒಂದೇ ಬಿಲ್ಲೆಯಲ್ಲಿ ಕಡಲೆಕಾಳಿನಷ್ಟು ಬಿಳಿ ಗುಳಿ. ವಾರದಲ್ಲಿ ಎರಡರಷ್ಟಾಗಿದೆ, ಅಂಚು ನಸುಗೆಂಪು, ತುಸು ವಾಸನೆ. ಇದು ಚಿಪ್ಪು ಕೊಳೆ. ಈ ದಿನವೇ ಪಶುವೈದ್ಯರಲ್ಲಿಗೆ ಹೋಗಬೇಕು, ಇಂದೇ ತೊಟ್ಟಿಯಲ್ಲಿ ಒಣ ಜಾಗವನ್ನೂ ಕಟ್ಟಬೇಕು.

ನೋಡಿದಾಗ ಮೊದಲನೆಯದೇ ಹೆಚ್ಚು ಭಯಂಕರವಾಗಿ ಕಾಣುತ್ತದೆ, ಮೂರನೆಯದು ಕಣ್ಣಿಗೇ ಬೀಳುವುದಿಲ್ಲ. ಇದಕ್ಕಾಗಿಯೇ ಬಣ್ಣವನ್ನು ನೋಡಿ ನಿರ್ಧರಿಸದೆ ಪರೀಕ್ಷೆ ಮಾಡಬೇಕೆಂದು ಹೇಳುವುದು.

ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೆಯೂ ತೊಟ್ಟಿಯ ನೀರಿನಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಇದರಿಂದ ಜ್ವರ, ಹೊಟ್ಟೆನೋವು, ಭೇದಿ ಬರುತ್ತವೆ. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಈ ರೋಗಕ್ಕೆ ತುತ್ತಾಗುತ್ತಿದ್ದುದರಿಂದ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು. ನಮ್ಮ ಅಂಗಡಿಗಳಿಂದ ತರುವುದು ಹೆಚ್ಚಾಗಿ ಅಂತಹ ಪುಟ್ಟ ಮರಿಗಳನ್ನೇ. ಆಮೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ತೊಟ್ಟಿಯನ್ನೂ ಬ್ರಷ್ಷನ್ನೂ ಅಡಿಗೆಮನೆಯಲ್ಲಿ ತೊಳೆಯಬಾರದು. 5 ವರ್ಷದೊಳಗಿನ ಮಕ್ಕಳು, ವೃದ್ಧರು, ಬಸುರಿಯರು ಆಮೆಯಿಂದ ದೂರವಿರುವುದು ಕ್ಷೇಮ.

ಕೆರೆಗೆ ಬಿಡಬೇಡಿ

'ನೀರಿನ ಪ್ರಾಣಿ, ನೀರಿಗೆ ಸೇರಿತು' ಎಂದು ಸಾಕಿದ ಆಮೆಯನ್ನು ಕೆರೆಗೆ ಬಿಡುವುದು ಪುಣ್ಯವೆಂದು ತಿಳಿದವರಿದ್ದಾರೆ. ಪರದೇಶದ ಕಳೆಗಳಾದ ಪಾರ್ಥೇನಿಯಂ, ಲಂಟಾನಗಳು ನಮ್ಮ ಹೊಲ ಕಾಡುಗಳಿಗೆ ಮಾಡಿದ್ದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕೆಂಪುಕಿವಿ ಆಮೆಯೂ ಪ್ರಪಂಚದ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಐರೋಪ್ಯ ಒಕ್ಕೂಟವು 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. ಇದು ದೇಶೀ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಚಿಪ್ಪಿಗೆ ಸೋಂಕು ತಗುಲಿದ ಆಮೆಯನ್ನು ಬಿಟ್ಟರೆ ಆ ರೋಗಾಣುವನ್ನೂ ಕೆರೆಗೆ ಬಿಟ್ಟಂತೆ. ಸಾಕಲಾಗದಿದ್ದರೆ ಬೇರೆ ಸಾಕುವವರಿಗೆ ಕೊಡಿ ಅಥವಾ ಪ್ರಾಣಿ ರಕ್ಷಣಾ ಸಂಸ್ಥೆಯವರನ್ನು ಕೇಳಿ. ವಿಸ್ತರಣಾ ಕಾರ್ಯಕರ್ತರು ಈ ಒಂದು ಮಾತನ್ನು ಶಾಲೆಗಳಲ್ಲಿಯೂ ಮಹಿಳಾ ಸಂಘಗಳಲ್ಲಿಯೂ ತಪ್ಪದೆ ತಿಳಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಬಣ್ಣ ಯಾವುದೆಂದು ಕೇಳುವ ಮೊದಲು ಯಾವ ಪದರದಲ್ಲಿದೆ ಎಂದು ಕೇಳಿ.
2. ಒರೆಸಿ, ಒಣಗಿಸಿ, ಹೋಲಿಸಿ, ಒತ್ತಿ, ಮೂಸಿ, ನಡತೆ ನೋಡಿ, ನಂತರ ನಿರ್ಧರಿಸಿ.
3. ಎಡಬಲ ಒಂದೇ ರೀತಿ ಇದ್ದು ಗಟ್ಟಿಯಾಗಿದ್ದರೆ ಭಯವಿಲ್ಲ. ಒಂದೇ ಕಡೆ ಇದ್ದು ಹರಡುತ್ತಿದ್ದರೆ ರೋಗ.
4. ಶುದ್ಧ ನೀರು, ಒಣ ಜಾಗ, ನೇರ ಬಿಸಿಲು, ಸುಣ್ಣದಂಶದ ಆಹಾರ: ಚಿಪ್ಪಿಗೆ ಬೇಕಾದ ನಾಲ್ಕು ಔಷಧಿಗಳು ಇವೇ.
5. ಕೆಂಪು, ವಾಸನೆ, ಮೆದು ಗುಳಿ ಕಂಡರೆ ಪಶುವೈದ್ಯರಿಗೆ ತೋರಿಸಿ.
6. ಯಾವ ಕಾರಣಕ್ಕೂ ಕೆರೆ, ಹೊಂಡ, ಬಾವಿಗೆ ಬಿಡಬೇಡಿ.

ಮುಂದಿನ ಭಾನುವಾರ ತೊಟ್ಟಿ ತೊಳೆಯುವಾಗ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಈ ಆರು ಪರೀಕ್ಷೆಗಳನ್ನು ಒಮ್ಮೆ ಮಾಡಿ, ಚಿಪ್ಪಿನ ಚಿತ್ರ ಬರೆಸಿಡಿ. ಆರೋಗ್ಯವಾಗಿದ್ದಾಗ ಚಿಪ್ಪು ಹೇಗಿತ್ತೆಂದು ಬಲ್ಲವರಿಗೆ ಅದು ಕೆಟ್ಟದ್ದು ಮೊದಲ ವಾರದಲ್ಲಿಯೇ ತಿಳಿಯುತ್ತದೆ.